ಹೋಳಿಗೆಯವರ ಸನ್ನಿಧಿಗೆ, ಒಲೆಯ ಮುಂದಿನಿಂದ

ಹೊಳೆಮಣ್ಣೂರ,
ಕಾರ ಹುಣ್ಣಿಮೆಯ ಮರುದಿನ

ಮಾತೃಶ್ರೀ ಸಮಾನರಾದ ಹೋಳಿಗೆಯವರ ಪಾದಗಳಿಗೆ ಈ ಮನೆಯ ಸೊಸೆ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ತಮಗೆ ಪಾದಗಳಿಲ್ಲ ಎಂಬುದು ಗೊತ್ತು. ಆದರೂ ಇಪ್ಪತ್ತೆಂಟು ವರ್ಷ ತಮ್ಮ ಮುಂದೆ ಬಾಗಿದ ಸೊಂಟಕ್ಕೆ ಬೇರೆ ಭಂಗಿ ಮರೆತುಹೋಗಿದೆ.

ತಮ್ಮ ಕೃಪೆಯಿಂದ ನಿನ್ನೆ ಎತ್ತುಗಳ ಮೆರವಣಿಗೆ ಚಲೋ ಆಯಿತು. ತಾವು ಅರವತ್ತು ಮಂದಿ ದಯಮಾಡಿಸಿದಿರಿ. ಕಡಲೆಬೇಳೆ ಕುದಿಸಿ, ಸಾರಿಗೆಂದು ಕಟ್ಟು ಬಸಿದು, ಬೆಲ್ಲ ಹಾಕಿ ಹದಕ್ಕೆ ತಂದು, ಬಿಸಿ ಆರುವುದರೊಳಗೆ ಹೂರಣ ರುಬ್ಬುವ ಭಾಗ್ಯವನ್ನು ನನಗೊಬ್ಬಳಿಗೇ ಕರುಣಿಸಿದಿರಿ. ಒಂದೇ ಒಂದು ಬೇಳೆ ನುರಿಯದೆ ಉಳಿದರೂ ಕಣಕ ಹರಿದುಕೊಂಡು ಮುನಿಯುವ ತಮ್ಮ ಸೂಕ್ಷ್ಮ ಸ್ವಭಾವಕ್ಕೆ ನಾನು ಸದಾ ಋಣಿ. ‘ಅದಕ್ಕ ಕೈಗುಣ ಬೇಕು ನೋಡ್ರಿ’ ಅಂತ ನಮ್ಮ ಮನೆಯವರು ಬೀಗರ ಮುಂದೆ ಹೊಗಳಿದರು. ಅವರ ಕೈಗುಣ ತಾಟಿನ ಮುಂದೆ ಕಾಣಬೇಕು.

ತಮ್ಮ ಮನೆತನವೂ ಸಣ್ಣದಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲೇ ‘ಮಾನಸೋಲ್ಲಾಸ’ದಲ್ಲಿ ಊಟದ ಭೋಗವನ್ನು ವಿಸ್ತಾರವಾಗಿ ಬರೆದ. 16ನೇ ಶತಮಾನದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ದ ಮೊದಲ ಅಧ್ಯಾಯವನ್ನೇ ಹಿಟ್ಟಿನ ಪಾಕಗಳಿಗೆ ಕೊಟ್ಟ, ಅದೂ ಷಟ್ಪದಿಯಲ್ಲಿ. ಬರೆದವರೆಲ್ಲ ಅರಸು ಮನೆತನದವರು. ಲಟ್ಟಿಸಿದವರಿಗೆ ಷಟ್ಪದಿಗೆ ಪುರಸೊತ್ತು ಸಿಕ್ಕಿರಲಿಕ್ಕಿಲ್ಲ, ಕೈಗೆಲ್ಲ ಹಿಟ್ಟು.

ಈಗ ವಿಷಯಕ್ಕೆ ಬರುತ್ತೇನೆ, ಕ್ಷಮೆಯಿರಲಿ. ಬೆಂಗಳೂರಿನಿಂದ ಹಬ್ಬಕ್ಕೆ ಬಂದ ಅಕ್ಕನ ಮಗಳು ತಮ್ಮನ್ನು ಅರ್ಧಕ್ಕೇ ಬಿಟ್ಟು, ಮೊಬೈಲಿನಲ್ಲಿ ಕೊರಿಯಾದ ಒಂದು ತಿಂಡಿ ತೋರಿಸಿದಳು. ಹೆಸರು ಹೊತ್ತೊಕ್. ಹೊತ್ತುಗೊತ್ತು ಇಲ್ಲದವರ ತಿನಿಸು ಇರಬೇಕು ಅಂದುಕೊಂಡೆ, ಸುಳ್ಳಾಗಲಿಲ್ಲ. ಉಬ್ಬಿಸಿದ ಹಿಟ್ಟಿನ ಉಂಡೆ, ಒಳಗೆ ಕಂದು ಸಕ್ಕರೆ, ದಾಲ್ಚಿನ್ನಿ, ಕುಟ್ಟಿದ ಶೇಂಗಾ. ಹೌದು, ಶೇಂಗಾ! ತಮ್ಮ ತಂಗಿ ಶೇಂಗಾ ಹೋಳಿಗೆಯವರಿಗೆ ದೂರದ ಬೀಗರೇ ಸೈ. ಲಟ್ಟಣಿಗೆ ಇಲ್ಲ, ಮಣೆ ಇಲ್ಲ. ಎಣ್ಣೆ ಹೊಯ್ದ ಕಾವಲಿಗೆ ಉಂಡೆ ಒಗೆದು, ಹಿಡಿಕೆಯ ಉಕ್ಕಿನ ಬಿಲ್ಲೆಯಿಂದ ಒಮ್ಮೆ ಒತ್ತಿದರೆ ಮುಗಿಯಿತು. ಬುಸಾನ್ ಎಂಬ ಊರಲ್ಲಿ ಅದರ ಹೊಟ್ಟೆ ಸೀಳಿ ಸೂರ್ಯಕಾಂತಿ, ಕುಂಬಳದ ಬೀಜ ತುಂಬುತ್ತಾರೆ. ಚಳಿಗಾಲದ ರಸ್ತೆಯಲ್ಲಿ ನಿಂತು, ಕಾಗದದ ಕಪ್ಪಿನಲ್ಲಿ ಹಿಡಿದು, ಕರಗಿದ ಸಕ್ಕರೆಗೆ ನಾಲಿಗೆ ಸುಟ್ಟುಕೊಂಡು ತಿನ್ನುತ್ತಾರೆ. ಕುಲವೂ ಅಂಥ ಉತ್ತಮವಲ್ಲ: 19ನೇ ಶತಮಾನದ ಕೊನೆಗೆ ಚೀನಾದ ವ್ಯಾಪಾರಿಗಳ ಜೊತೆ ಬಂದದ್ದಂತೆ. ಹೆಸರಿನಲ್ಲೇ ಪರದೇಶಿ ಅನ್ನುವ ಮುದ್ರೆ ಇದೆ.

ಅದು ಬೇಗ ಆಗುತ್ತದೆ ಎಂದು ನನಗೆ ಹೊಟ್ಟೆಕಿಚ್ಚಿಲ್ಲ. ಆ ವಿಡಿಯೋದಲ್ಲಿ ಹೆಗಲಿಗೆ ಚೀಲ ಹಾಕಿದ ಒಬ್ಬ ಹೆಂಗಸು, ನನ್ನದೇ ವಯಸ್ಸಿನವಳು, ಒಂದು ಕೊಂಡಳು. ಒಂದೇ ಒಂದು. ತಾನೇ ತಿಂದಳು, ಹೋದಳು. ತಾಯೀ, ತಾವು ಯಾವಾಗಲಾದರೂ ಒಬ್ಬರೇ ಬಂದದ್ದುಂಟೆ?

ತಮ್ಮ ಪಂಕ್ತಿಯ ನ್ಯಾಯ ದೊಡ್ಡದು. ಮೊದಲು ದೇವರು, ಆಮೇಲೆ ಎತ್ತು, ಆಮೇಲೆ ಬೀಗರು, ಗಂಡಸರು, ಮಕ್ಕಳು, ಅತ್ತೆಯವರು. ಎತ್ತಿನ ಬಗ್ಗೆ ತಕರಾರಿಲ್ಲ, ಅದು ದುಡಿಯುತ್ತದೆ. ನನ್ನ ಸರದಿ ಬರುವ ಹೊತ್ತಿಗೆ ಬುಟ್ಟಿಯ ತಳದಲ್ಲಿ ಹರಿದವರು, ಹೊತ್ತಿದವರು, ತಣ್ಣಗಾದವರು ನನಗಾಗಿ ಕಾದಿರುತ್ತೀರಿ. ಆ ಪ್ರೀತಿಗೆ ಏನು ಹೇಳಲಿ? ತುಪ್ಪ ಅಷ್ಟೊತ್ತಿಗೆ ಮುಗಿದಿರುತ್ತದೆ.

ಪಟ್ಟಣದಲ್ಲಿ ಮಾತ್ರ ತಾವು ಬಹಳ ಸರಳ ಎಂದು ಕೇಳಿದೆ. ಬೆಂಗಳೂರಿನಲ್ಲಿ ಖರ್ಜೂರ, ಕ್ಯಾರೆಟ್ಟಿನ ವೇಷ ತೊಟ್ಟು ಅಂಗಡಿಯ ಹಂಚಿನಿಂದ ನೇರ ಗಿರಾಕಿಯ ಕೈಗೇ ಹೋಗುತ್ತೀರಂತೆ. ನಮ್ಮ ಹೊಳೆಆಲೂರ ಸ್ಟೇಷನ್ ಕಡೆ ಒಮ್ಮೆ ಬಂದರೆ ಮಡಿ ಕೆಡುತ್ತದೆಯೇ? ಗಿರ್ಮಿಟ್ಟು, ಮಿರ್ಚಿಯವರು ರಸ್ತೆಗಿಳಿದು ಮರ್ಯಾದೆ ಕಳೆದುಕೊಂಡಂತೆ ನನಗಂತೂ ಕಂಡಿಲ್ಲ.

ಒಮ್ಮೆ ಮಾತ್ರ ತಾವು ಇಳಿದಿದ್ದಿರಿ. 2019ರ ಆಗಸ್ಟಿನಲ್ಲಿ, ಪಂಚಮಿ ಮುಗಿಯುತ್ತಿದ್ದಂತೆ ಮಲಪ್ರಭೆ ಊರಿಗೇ ಬಂದಾಗ, ನಾದಿನಿಗೆ ಕಟ್ಟಿಕೊಡಲೆಂದು ಮಾಡಿದ್ದ ಶೇಂಗಾ ಹೋಳಿಗೆಯ ಡಬ್ಬಿಯೊಂದನ್ನು ಬಗಲಲ್ಲಿಟ್ಟುಕೊಂಡು ಓಡಿದೆವು. ಗಂಜಿ ಕೇಂದ್ರದ ವರಾಂಡದಲ್ಲಿ ಡಬ್ಬಿ ತೆರೆದಾಗ ನೈವೇದ್ಯ ಯಾರಿಗೂ ನೆನಪಾಗಲಿಲ್ಲ. ಎಲ್ಲರೂ ನಿಂತೇ ತಿಂದೆವು, ಕೈಗೆ ಬಂದವರಿಗೆ ಬಂದಷ್ಟು. ನಾನೂ ಮೊದಲ ಸುತ್ತಿನಲ್ಲೇ ತಿಂದೆ. ಅದಕ್ಕೆ ಹೊಳೆ ಬರಬೇಕಾಯಿತು.

ಆದ್ದರಿಂದ ತಮ್ಮಲ್ಲಿ ಅತ್ಯಂತ ವಿನಮ್ರ ಅರಿಕೆ. ಬರುವ ಹಬ್ಬಕ್ಕೆ ಹಂಚಿನಿಂದ ಇಳಿಯುವ ಮೊದಲನೆಯವರು, ಉಬ್ಬಿದ್ದು ಇನ್ನೂ ಇಳಿಯದವರು, ನೇರ ನನ್ನ ಅಂಗೈಗೆ ಬರಬೇಕು. ತಾಟು ಬೇಡ, ಹಳೆಯ ಕ್ಯಾಲೆಂಡರಿನ ಹಾಳೆ ಸಾಕು. ಒಲೆಯ ಪಕ್ಕ ನಿಂತೇ ತಿನ್ನುತ್ತೇನೆ. ನಾಲಿಗೆ ಸುಟ್ಟರೆ ತಮ್ಮ ಮೇಲೆ ದೂರು ಹೇಳುವುದಿಲ್ಲ.

ಈ ಪತ್ರವನ್ನು ಅತ್ತೆಯವರಿಗೆ ಓದಿ ತೋರಿಸಿದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಎಲೆಯಡಿಕೆ ಕುಟ್ಟುತ್ತಿದ್ದವರು ಕೈ ನಿಲ್ಲಿಸಿ, ಒಲೆಯ ಕಡೆ ನೋಡುತ್ತ, ‘ಎರಡು ಅಂತ ಬರಿ’ ಅಂದರು.

ಎರಡು.

ಇಂತಿ ತಮ್ಮ ವಿಧೇಯ,
ಬುಟ್ಟಿಯ ತಳದವಳು