ಬಾಡಿಗೆ ಅನಾನಸು

ಊಟಕ್ಕೆ ಕರೆದು, ಮೇಜಿನ ನಡುವೆ ಹಣ್ಣಿಟ್ಟು, ‘ಅದನ್ನ ಮಾತ್ರ ಮುಟ್ಟಬೇಡಿ, ನಾಳೆ ವಾಪಸ್ ಕೊಡಬೇಕು’ ಅಂದರೆ ಹೇಗಿರುತ್ತೆ ಹೇಳಿ! ಹದಿನೆಂಟನೇ ಶತಮಾನದ ಇಂಗ್ಲೆಂಡಿನಲ್ಲಿ ಅನಾನಸಿನ ಕಥೆ ಹೀಗೇ ಇತ್ತು. ಕೊಳ್ಳಲು ಕೈಲಾಗದವರು ಒಂದು ಸಂಜೆಗೆ ಬಾಡಿಗೆಗೆ ತಂದು ಮೇಜಿನ ಮೇಲೆ ಮೆರೆಸುತ್ತಿದ್ದರು. ಇವತ್ತು ಇವರ ಮನೆ, ನಾಳೆ ಅವರ ಮನೆ. ಪಾಪ, ಕೊನೆಗೆ ಕೊಯ್ಯುವ ಹೊತ್ತಿಗೆ ಆ ಹಣ್ಣು ಎಷ್ಟು ಊಟ ನೋಡಿರುತ್ತಿತ್ತೋ!

ಅವರನ್ನೂ ಬೈಯುವ ಹಾಗಿಲ್ಲ ಬಿಡಿ. ಆ ಚಳಿಯಲ್ಲಿ ಅದನ್ನು ಬೆಳೆಸುವುದೆಂದರೆ ಸುಮ್ಮನೇನಾ? ಗಾಜಿನ ಮನೆ ಕಟ್ಟಬೇಕು, ಒಲೆ ಉರಿಸಬೇಕು. ಚರ್ಮ ಹದ ಮಾಡಿ ಬಿಟ್ಟ ಓಕ್ ತೊಗಟೆಯನ್ನು ಗುಂಡಿಗೆ ತುಂಬಿ, ಅದು ಕೊಳೆಯುವಾಗ ಏಳುವ ಬಿಸಿಯಲ್ಲಿ ಕುಂಡಗಳನ್ನು ಹೂತಿಡುತ್ತಿದ್ದರು. ಇಷ್ಟೆಲ್ಲ ಮಾಡಿ ಒಂದು ಹಣ್ಣಿಗೆ ಎರಡು ಮೂರು ವರ್ಷ ಕಾಯಬೇಕು.

ಸ್ಕಾಟ್ಲೆಂಡಿನ ಡನ್‌ಮೋರ್‌ನಲ್ಲಂತೂ ತೋಟದ ಕಟ್ಟಡದ ನೆತ್ತಿಯ ಮೇಲೇ ಕಲ್ಲಿನ ಅನಾನಸು ಕೂತಿದೆ. ಬಾಗಿಲ ಮೇಲೆ 1761 ಅಂತ ಕೆತ್ತಿದ್ದಾರೆ. ನನಗೆ ಬಹಳ ಹಿಡಿಸಿದ್ದು ಅದರ ಎಲೆಗಳು. ನೀರು ನಿಂತು ಹೆಪ್ಪುಗಟ್ಟಿದರೆ ಕಲ್ಲು ಸೀಳುತ್ತಲ್ಲ, ಅದಕ್ಕೇ ಬಾಗಿದ ಒಂದೊಂದು ಎಲೆಯಿಂದಲೂ ನೀರು ಇಳಿದುಹೋಗಲು ಬೇರೆ ಬೇರೆ ದಾರಿ ಬಿಟ್ಟಿದ್ದಾರೆ. ಆ ಕಲ್ಲುಕುಟಿಗರ ಕೈಗೆ ಬಂಗಾರದ ಕಡಗ ತೊಡಿಸಬೇಕು, ಅಲ್ವಾ?

ಕೆಲಸಗಾರರ ಕೈ ಅಂದಾಗ ನೆನಪಾಯ್ತು. ಮಂಗಳೂರು ಕಡೆಯ ಮದುವೆ ಮನೆಗಳಲ್ಲಿ ಅನಾನಸಿನ ಮೆಣಸ್ಕಾಯಿಗೆ ಅಡುಗೆ ಭಟ್ಟರು ಹಣ್ಣು ಹೆಚ್ಚುವುದನ್ನು ನೋಡಿದ್ದೀರಾ? ಚಿಕ್ಕವಳಿದ್ದಾಗ ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತಿರುತ್ತಿದ್ದೆ. ಅನಾನಸಿನ ಕಣ್ಣುಗಳು ಓರೆ ಸಾಲಲ್ಲಿ ಇರ್ತಾವಲ್ಲ, ಆ ಸಾಲು ಹಿಡಿದೇ ಕತ್ತಿ ಇಳಿಸುತ್ತಿದ್ದರು. ತಿರುಳು ಚೂರೂ ಹಾಳಾಗುತ್ತಿರಲಿಲ್ಲ. ಬೆಲ್ಲ, ಎಳ್ಳು, ಒಣಮೆಣಸು ಬಿದ್ದು ಕುದಿ ಬಂದರೆ ಬೀದಿಗೆಲ್ಲ ಘಮ!

ಎಲ್ಲಿಗೋ ಹೋದೆ. ಅಮೆರಿಕದ ನ್ಯೂ ಇಂಗ್ಲೆಂಡ್ ಕಡೆ ಇನ್ನೊಂದು ಕಥೆ ಇದೆ. ಕೆರಿಬಿಯನ್ನಿನಿಂದ ಮರಳಿದ ಹಡಗಿನ ಕಪ್ತಾನ ಗೇಟಿನ ಕಂಬಕ್ಕೆ ಅನಾನಸು ಸಿಕ್ಕಿಸುತ್ತಿದ್ದನಂತೆ. ‘ಬಂದಿದ್ದೀನಿ, ಒಳಗೆ ಬನ್ನಿ’ ಅಂತ ಅದರ ಅರ್ಥ. ದಂತಕಥೆಯೇ ಇರಬಹುದು, ಆದರೂ ಬಾಡಿಗೆ ಹಣ್ಣಿಗಿಂತ ಇದೇ ನನಗೆ ಹತ್ತಿರ. ಅತಿಥಿ ಸತ್ಕಾರ ಅಂದರೆ ಹಣ್ಣು ಕೊಯ್ದು ಕೈಗೆ ಕೊಡೋದೇ ಅಲ್ವಾ?

ಹಾಂ, ಕೊಯ್ಯುವಾಗ ಒಂದು ನೆನಪಿಡಿ. ಅನಾನಸಿನಲ್ಲಿ ಸಿಹಿ ಜಾಸ್ತಿ ಇರುವುದು ಬುಡದಲ್ಲಿ. ಬಂದವರಿಗೆ ಆ ಹೋಳು ಕೊಡಿ.