ಕುಬ್ಜಮೂಷಿಕಭ್ರಮಣ ಮೀಮಾಂಸೆ

ಗೋಬಿ ಮರುಭೂಮಿ ಮೂಲಸ್ಥಾನ. 1903ರಲ್ಲಿ ಸತುನಿನ್ ಎಂಬ ರಷ್ಯನ್ ಪ್ರಾಣಿಶಾಸ್ತ್ರಜ್ಞನಿಂದ ನಾಮಕರಣ. ತೂಕ ಇಪ್ಪತ್ತು, ಇಪ್ಪತ್ತೈದು ಗ್ರಾಂ. ಇಂಥ ರೊಬೊರೊವ್‌ಸ್ಕಿ ಕುಬ್ಜ ಹ್ಯಾಮ್‌ಸ್ಟರ್ ನಡುರಾತ್ರಿ ನಿಂತ ನಿಲುವಿನಲ್ಲೇ ಗಿರಗಿರನೆ ಸುತ್ತತೊಡಗಿದರೆ ಅದಕ್ಕೆ ಅರ್ಥವೇನು? ಇಷ್ಟು ಗಹನವಾದ ಪ್ರಶ್ನೆಯನ್ನು ಈವರೆಗೆ ಪಶುವೈದ್ಯರ ಕೈಗೆ ಬಿಟ್ಟದ್ದು ಶೋಚನೀಯ. ಅವರು ಉತ್ತರ ಹೇಳಿಬಿಡುತ್ತಾರೆ. ಆಮೇಲೆ ಮೀಮಾಂಸೆಗೆ ಏನೂ ಉಳಿಯುವುದಿಲ್ಲ.

ಮೊದಲು ವಿಷಯದ ಎಲ್ಲೆಕಟ್ಟು. ಗಾಲಿಯೊಳಗಿನ ಓಟ ಭ್ರಮಣವಲ್ಲ. ಅಲ್ಲಿ ತಿರುಗುವುದು ಗಾಲಿ. ಹ್ಯಾಮ್‌ಸ್ಟರ್ ತನ್ನ ಮಟ್ಟಿಗೆ ನೆಟ್ಟಗೇ ಓಡುತ್ತಿರುತ್ತದೆ. ಗಾಲಿವಾದಿಗಳು ಇದನ್ನು ಒಪ್ಪರು. ಗಾಲಿ ಸಿಗದ ದುಃಖಕ್ಕೆ ಪ್ರಾಣಿ ತಾನೇ ಗಾಲಿಯಾಗುತ್ತದೆ ಎಂಬುದು ಅವರ ಪಕ್ಷ. ಪ್ರಮಾಣವಾಗಿ ಅವರು ಎತ್ತುವುದು ನೆದರ್ಲೆಂಡ್ಸಿನ ಲೈಡನ್‌ನ ಇಬ್ಬರು ಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಯೋಗವನ್ನು. ಬಯಲಿನಲ್ಲಿ ಗಾಲಿ ಇಟ್ಟು ಕ್ಯಾಮೆರಾ ಹೂಡಿದರೆ ಕಾಡಿಲಿಗಳು ಬಂದು ತಾವಾಗಿಯೇ ಓಡಿದವು. ಕಪ್ಪೆ ಬಂತು. ಚಿಪ್ಪಿಲ್ಲದ ಬಸವನಹುಳುವೂ ಬಂತು. ಅದಕ್ಕೆ ಏನು ಅವಸರವಿತ್ತೆಂದು ಭಾಷ್ಯಕಾರರು ಯಾರೂ ವಿವರಿಸಿಲ್ಲ. ಗಾಲಿಯ ಓಟ ಹುಚ್ಚಲ್ಲ ಎಂಬಷ್ಟು ಇದರಿಂದ ಸಿದ್ಧವಾಯಿತು. ಗಾಲಿ ತಂದಿಟ್ಟ ಮೇಲೂ ಅದರ ಪಕ್ಕದಲ್ಲೇ ನಿಂತು ಸುತ್ತುವ ಹ್ಯಾಮ್‌ಸ್ಟರ್ ವಿಷಯದಲ್ಲಿ ಈ ಪಕ್ಷ ಮೌನ.

ಪಂಜರವಾದಿಗಳದು ಸರಳ ಮತ: ಜಾಗ ಸಾಲದು. ಇಕ್ಕಟ್ಟಿನಲ್ಲಿ ಬೇಸತ್ತ ಪ್ರಾಣಿ ಸರಳು ಕಡಿಯುತ್ತದೆ, ಗೋಡೆಗುಂಟ ಅದೇ ದಾರಿಯಲ್ಲಿ ಹೋಗಿ ಬರುತ್ತದೆ, ಮೂಲೆ ಹತ್ತಿ ಬೀಳುತ್ತದೆ. ದೊಡ್ಡ ಪಂಜರ, ಬಿಲ ತೋಡುವಷ್ಟು ದಪ್ಪಗೆ ಹಾಸಿದ ಹೊಟ್ಟು ಕೊಟ್ಟರೆ ಬಹಳಷ್ಟು ಶಮನ. ನಿಜವೇ. ಇಷ್ಟು ಬೇಗ ನಿಜವಾಗುವ ಮತದ ಮೇಲೆ ಹೆಚ್ಚು ಬರೆಯುವುದು ಶಾಸ್ತ್ರಕ್ಕೆ ಭೂಷಣವಲ್ಲ.

ಮುಖ್ಯ ಕದನ ನೃತ್ಯವಾದಿಗಳ ಜೊತೆ. ಸುತ್ತುವುದನ್ನು ಕಂಡೊಡನೆ ಕುಣಿತವೆಂದು ಚಪ್ಪಾಳೆ ತಟ್ಟುವ ಪರಂಪರೆ ಹಳೆಯದು. ಹ್ಯಾಮ್‌ಸ್ಟರ್‌ನ ದೂರದ ದಾಯಾದಿಯಾದ ಜಪಾನಿನ ‘ಕುಣಿಯುವ ಇಲಿ’ಯನ್ನು ಜನ ಸುತ್ತಲೆಂದೇ ಸಾಕಿದರು, ಸುತ್ತುವವನ್ನೇ ಆರಿಸಿ ತಳಿ ಬೆಳೆಸಿದರು. ಹಾರ್ವರ್ಡ್‌ನ ರಾಬರ್ಟ್ ಯರ್ಕೀಸ್ 1907ರಲ್ಲಿ ಅದರ ಮೇಲೆ ಒಂದಿಡೀ ಪುಸ್ತಕ ಬರೆದು, ಬಲಕ್ಕೆ ಸುತ್ತುವವು, ಎಡಕ್ಕೆ ಸುತ್ತುವವು, ಎರಡೂ ಕಡೆ ಸುತ್ತುವವು ಎಂದು ವರ್ಗ ಮಾಡಿದ. ನಮಗೆ ಹೊಟ್ಟೆಕಿಚ್ಚು ತರಿಸುವ ವಿದ್ವತ್ತು. ಆದರೆ ಆ ನರ್ತಕಿಯರಿಗೆ ತಾಳವೇ ಕೇಳಿಸುತ್ತಿರಲಿಲ್ಲ. ಬೆಳೆದ ಕುಣಿಯುವ ಇಲಿಗಳು ಕಿವುಡು. ಒಳಕಿವಿಯೇ ಹುಟ್ಟಿನಿಂದ ಕೆಟ್ಟಿತ್ತು, ಸುತ್ತಿಗೂ ಅದೇ ಕಾರಣ. ಫ್ರಾನ್ಸಿನ ಫ್ಲೂರಾನ್ಸ್ 1820ರ ದಶಕದಲ್ಲೇ ಪಾರಿವಾಳದ ಒಳಕಿವಿಯ ಅರ್ಧವೃತ್ತ ನಾಳ ಕತ್ತರಿಸಿ, ಅದು ಗಿರಕಿ ಹೊಡೆಯುವುದನ್ನು ನೋಡಿದ್ದ. ಆ ಪಾರಿವಾಳಕ್ಕೆ ಯಾರೂ ಚಪ್ಪಾಳೆ ತಟ್ಟಿದಂತಿಲ್ಲ. ಕತ್ತರಿ ಕಣ್ಣಿಗೆ ಕಂಡರೆ ಕಲಾರಸಿಕತೆ ಕುಗ್ಗುತ್ತದೆ.

ಇಲ್ಲಿ ಆಚಾರನಿಷ್ಠರದೊಂದು ಶಂಕೆ: ಸುತ್ತು ಪ್ರದಕ್ಷಿಣವೋ, ಅಪ್ರದಕ್ಷಿಣವೋ? ಅಣಕಿಸಬೇಕಾಗಿಲ್ಲ, ಎಲ್ಲ ಪಕ್ಷಗಳ ಪೈಕಿ ರೋಗನಿದಾನಕ್ಕೆ ಒದಗುವ ಪ್ರಶ್ನೆ ಕೇಳಿದವರು ಇವರೇ. ಬಲಗಿವಿಯೊಳಗೆ ಸೋಂಕಾದ ಪ್ರಾಣಿಯ ತಲೆ ಬಲಕ್ಕೆ ವಾಲುತ್ತದೆ, ಸುತ್ತೂ ಸಾಮಾನ್ಯವಾಗಿ ಬಲಕ್ಕೇ. ಎಡಗಿವಿಯಾದರೆ ಎಡಕ್ಕೆ. ಹೀಗಾಗಿ ಶ್ರದ್ಧೆಯಿಂದ ಪ್ರದಕ್ಷಿಣೆ ಹಾಕುವ ಹ್ಯಾಮ್‌ಸ್ಟರ್ ಎಂದರೆ ಬಲಗಿವಿಯಲ್ಲಿ ಕೀವು ತುಂಬಿದ ಹ್ಯಾಮ್‌ಸ್ಟರ್ ಎಂದು ಗ್ರಹಿಸತಕ್ಕದ್ದು. ನಿನ್ನೆಯವರೆಗೆ ನೆಟ್ಟಗಿದ್ದು ಇಂದು ತಲೆ ವಾಲಿಸಿ ಸುತ್ತುತ್ತಿದ್ದರೆ ಈ ಪ್ರಬಂಧವನ್ನು ಇಲ್ಲಿಗೇ ಮುಚ್ಚಿ ವೈದ್ಯರಲ್ಲಿಗೆ ಓಡತಕ್ಕದ್ದು. ಮನೆಯಲ್ಲಿ ಮಿಕ್ಕ ಅಮಾಕ್ಸಿಸಿಲಿನ್ ಕುಡಿಸುವುದು ಮಹಾನಿಷಿದ್ಧ. ಪೆನಿಸಿಲಿನ್ ಕುಲದ ಔಷಧ ಹ್ಯಾಮ್‌ಸ್ಟರ್‌ನ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನು ಕೊಲ್ಲುತ್ತದೆ, ಆಮೇಲೆ ಹ್ಯಾಮ್‌ಸ್ಟರನ್ನೇ ಕೊಲ್ಲಬಹುದು.

ಮರಿಯಾಗಿದ್ದಾಗಿನಿಂದ ಸುತ್ತುತ್ತಿದ್ದರೆ ಕುಲವಾದಿಗಳನ್ನು ಕರೆಯಬೇಕು. ಕುಬ್ಜ ಹ್ಯಾಮ್‌ಸ್ಟರ್‌ಗಳಲ್ಲಿ ಈ ಭ್ರಮಣ ವಂಶದಲ್ಲೇ ಇಳಿದು ಬರುವುದುಂಟು. ಔಷಧವಿಲ್ಲ. ಗದ್ದಲವಾದರೆ, ಬೆಚ್ಚಿದರೆ ಸುತ್ತು ಜೋರಾಗುತ್ತದೆ. ನೆಮ್ಮದಿಯಿಂದ ಬಿಟ್ಟರೆ ತಿಂದು ಮಲಗಿ ಬಾಳುತ್ತದೆ. ಅದಕ್ಕೆ ಜೋಡಿ ಹುಡುಕಬಾರದು ಎಂಬುದೊಂದೇ ವಿಧಿ. ‘ಮುದ್ದಾಗಿ ಕುಣಿಯುತ್ತದೆ, ಮರಿಗಳೂ ಕುಣಿಯಲಿ’ ಎನ್ನುವ ಯಜಮಾನರ ಮತವನ್ನು ಖಂಡಿಸಲು ಶಾಸ್ತ್ರೀಯ ಭಾಷೆಯಲ್ಲಿ ಸಾಕಷ್ಟು ಬೈಗುಳಗಳಿಲ್ಲ.

ಉಳಿಯಿತು ಎರಡೂ ಕಡೆ ಸುತ್ತುವ ಹ್ಯಾಮ್‌ಸ್ಟರ್. ಇದರ ಬಗ್ಗೆ ಆಚಾರನಿಷ್ಠರ ತೀರ್ಪು ಹೀಗಿದೆ: ಪ್ರದಕ್ಷಿಣದ ಪುಣ್ಯಕ್ಕೂ ಅಪ್ರದಕ್ಷಿಣದ ಪಾಪಕ್ಕೂ ಪರಸ್ಪರ ವಜಾ. ಬಾಕಿ ಉಳಿದದ್ದು ವೈದ್ಯರ ಫೀಸು.