ಬಸಪ್ಪ-ಶಿವಪ್ಪ ಸಮಸ್ಯೆ: ಕಲ್ಯಾಣ ಸೀಮೆಯ ವಂಶಾವಳಿಶಾಸ್ತ್ರಕ್ಕೊಂದು ಪ್ರವೇಶಿಕೆ

ಪೀಠಿಕೆ. ವಂಶದ ಲೆಕ್ಕ ಕಲ್ಯಾಣಕ್ಕೆ ಹೊಸತಲ್ಲ. ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಇಲ್ಲಿ ಕೂತೇ ‘ಮಿತಾಕ್ಷರ’ ಬರೆದ. ತಂದೆಯ ಕಡೆ ಏಳು, ತಾಯಿಯ ಕಡೆ ಐದು ತಲೆಮಾರಿನ ಸಪಿಂಡ ಸಂಬಂಧವನ್ನು ವಿವರಿಸಿದ. 1955ರ ಹಿಂದೂ ವಿವಾಹ ಕಾಯ್ದೆ ಅದನ್ನು ಐದು ಮತ್ತು ಮೂರಕ್ಕೆ ಇಳಿಸಿತು. ಮಂದಿಯ ನೆನಪು ಅಷ್ಟೇ ಎಂದು ಸಂಸತ್ತು ಕರುಣೆ ತೋರಿರಬೇಕೆಂಬುದು ಈ ಪ್ರಬಂಧದ ಮೊದಲ ಊಹೆ.

ಸೂತ್ರ ಒಂದು. ಮುತ್ಯಾನ ಹೆಸರು ಮೊಮ್ಮಗನಿಗೆ. ಬಸಪ್ಪನ ಮಗ ಶಿವಪ್ಪ, ಶಿವಪ್ಪನ ಮಗ ಬಸಪ್ಪ. ಇದು ವೃಕ್ಷವಲ್ಲ, ಗಾಣ. ಎಷ್ಟು ಸುತ್ತಿದರೂ ಅವೇ ಎರಡು ಎತ್ತು.

ಆಕರ ವಿಮರ್ಶೆ. ಈ ಸೀಮೆ 1948ರ ಸೆಪ್ಟೆಂಬರ್ ತನಕ ನಿಜಾಮನದು, 1956ರ ನವೆಂಬರ್ 1ರ ತನಕ ಹೈದರಾಬಾದ್ ರಾಜ್ಯದ್ದು. ಹಳೆಯ ಜಮೀನು ಕಾಗದಗಳು ಉರ್ದುವಿನಲ್ಲಿವೆ, ಇಸವಿ ಫಸಲಿಯಲ್ಲಿದೆ. 1357ಕ್ಕೆ 590 ಕೂಡಿಸಿದರೆ 1947 ಸಿಗುತ್ತದೆ, ಬಸಪ್ಪ ಮಾತ್ರ ಸಿಗುವುದಿಲ್ಲ. ಉರ್ದು ಬರಹದಲ್ಲಿ ಹ್ರಸ್ವಸ್ವರ ಸಾಮಾನ್ಯವಾಗಿ ಕಾಣದು. ಓದುವವರ ಬಾಯಲ್ಲಿ ಆತ ಬಿಸಪ್ಪನೂ ಆಗಬಹುದು, ಬುಸಪ್ಪನೂ ಆಗಬಹುದು. ಇಲ್ಲದ ಇಬ್ಬರು ಅಣ್ಣತಮ್ಮಂದಿರು ಹೀಗೆ ಹುಟ್ಟಿಕೊಳ್ಳುತ್ತಾರೆ.

ಸೂತ್ರ ಎರಡು. ಹೆಣ್ಣುಮಕ್ಕಳ ಕೊಂಬೆ 2005ರಲ್ಲಿ ಚಿಗುರಿತು. ಮಗನಿಗೆ ಹುಟ್ಟಿನಿಂದಲೇ ಪಾಲು ಎಂಬ ಮಿತಾಕ್ಷರದ ಮಾತನ್ನು ಉತ್ತರಾಧಿಕಾರ ಕಾಯ್ದೆಯ ತಿದ್ದುಪಡಿ ದೇಶದಾದ್ಯಂತ ಮಗಳಿಗೂ ಹಚ್ಚಿತು. ಮದುವೆಯಲ್ಲಿ ಅಡ್ಡಹೆಸರು, ಕೆಲವೆಡೆ ಸ್ವಂತ ಹೆಸರೂ ಕಳಕೊಂಡಿದ್ದ ಅತ್ತೆಯಂದಿರನ್ನು ಅಳಿಯಂದಿರು ಆಗ ಸಾಕ್ಷಿ ಸಮೇತ ಹುಡುಕತೊಡಗಿದರು.

ಕ್ಷೇತ್ರಕಾರ್ಯ. ಹಿಂದೆ ಉತ್ತರ ಕರ್ನಾಟಕದಲ್ಲಿ ಹೆಳವರು ಎತ್ತಿನ ಮೇಲೆ ಬಂದು ಮನೆತನದ ಪೀಳಿಗೆ ಹೇಳಿ, ಕಾಳು ಪಡೆದು ಹೋಗುತ್ತಿದ್ದರು. ಈಗ ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆಯೇ ಸಂಶೋಧಕನಿಗೆ ವಿಚಾರಸಂಕಿರಣ. ಗಡಿಯಾಚೆಯ ಲಾತೂರ, ಜಹೀರಾಬಾದಿನ ಬೀಗರು ಒಂದೇ ಪಡಸಾಲೆಯಲ್ಲಿ ಸಿಗುತ್ತಾರೆ. ಒಬ್ಬನೇ ಮುತ್ಯಾನಿಗೆ ಮೂರು ಊರು, ಮೂರು ಸಾವು ಹೇಳುತ್ತಾರೆ.

ಉಳಿದ ಏಕೈಕ ಆಕರ ಆಯಿ. ಆಕೆಯ ಪಂಚಾಂಗದಲ್ಲಿ ಇಸವಿಯಿಲ್ಲ. ರಜಾಕಾರರ ಗದ್ದಲ, ಎಪ್ಪತ್ತೆರಡರ ಬರ, ಎಮ್ಮೆ ಸತ್ತ ವರ್ಷ. ಮೊದಲೆರಡಕ್ಕೆ ಗ್ರಂಥಗಳಿವೆ. ಎಮ್ಮೆಯ ಬಗ್ಗೆ ಸಂಶೋಧನೆ ಮುಂದುವರಿದಿದೆ.

ಮನೆತನ ಒಡೆದದ್ದೇಕೆ ಎಂಬ ಪ್ರಶ್ನೆಗೆ ಬಂದಾಗ ಆಯಿ ಎಲೆ ಅಡಿಕೆ ಬದಿಗಿಟ್ಟಳು. “ಮೊದಲ ಆ ಫೋನ್ ಬಂದ್ ಮಾಡಪ್ಪಾ, ಆಮ್ಯಾಲ ಹೇಳ್ತೀನಿ.” ಸಂಶೋಧಕ ಬಂದ್ ಮಾಡಿದ. ಆಕೆ ಎರಡು ತಾಸು ಹೇಳಿದಳು. ಹೀಗಾಗಿ ಪ್ರಬಂಧದ ಮುಖ್ಯ ಅಧ್ಯಾಯಕ್ಕೆ ಫ್ಯಾನಿನ ಸದ್ದಿನ ದಾಖಲೆಯೂ ಇಲ್ಲ.